ಬೇರೆಯವರ ಕೇಳುಗರ ಎದುರು: ಆರಂಭಿಕ ತಂಡಗಳು ಪದೇ ಪದೇ ಕೇಳುವ ಪ್ರಶ್ನೆಗಳು

ಹನ್ನೊಂದು ವರ್ಷಗಳಿಂದ ಬೇಸ್ ಗಿಟಾರ್ ನುಡಿಸುತ್ತಿದ್ದೇನೆ. ಅದರಲ್ಲಿ ಹೆಚ್ಚಿನ ಸಂಜೆಗಳು ಕಳೆದದ್ದು ಇನ್ನೊಂದು ತಂಡವನ್ನು ಕೇಳಲು ಟಿಕೆಟ್ ಕೊಂಡು ಬಂದವರ ಎದುರು, ಅಂದರೆ ಮುಖ್ಯ ತಂಡಕ್ಕೆ ಮೊದಲು ನುಡಿಸುವ ಆರಂಭಿಕ ತಂಡದಲ್ಲಿ. ಮೊದಲ ಬಾರಿಗೆ ಅಂಥ ಅವಕಾಶ ಸಿಕ್ಕ ತಂಡಗಳವರು ನನ್ನ ಬಳಿ ಬಂದು ಕೇಳುವ ಪ್ರಶ್ನೆಗಳು ಹೆಚ್ಚುಕಡಿಮೆ ಒಂದೇ ಬಗೆಯವು. ಅವಕ್ಕೆ ಕೊಡುತ್ತ ಬಂದ ಉತ್ತರಗಳು ಇಲ್ಲಿವೆ.

ಮುಖ್ಯ ತಂಡವನ್ನು ನೋಡಲು ಬಂದವರಿಗೆ ನಾವು ಯಾಕೆ ಬೇಕು?

ಬಹುಪಾಲು ಜನರಿಗೆ ನೀವು ಬೇಕಾಗಿರುವುದಿಲ್ಲ. ಇದನ್ನು ಮೊದಲೇ ಒಪ್ಪಿಕೊಂಡು ವೇದಿಕೆ ಏರಿದರೆ ಅರ್ಧ ಭಾರ ಇಳಿಯುತ್ತದೆ. ಅವರು ವಾರಗಟ್ಟಲೆ ಕಾದು ಬಂದಿರುವುದು ಇನ್ನೊಬ್ಬರಿಗಾಗಿ. ನಿಮ್ಮ ಹೆಸರನ್ನು ಅವರಲ್ಲಿ ಹೆಚ್ಚಿನವರು ಮೊದಲು ಕೇಳುವುದು ನೀವೇ ಹೇಳಿದಾಗ. ಆದರೂ ಸಂಗೀತ ಕೇಳಲೆಂದೇ ಮನೆ ಬಿಟ್ಟು ಬಂದ ಜನ ಅವರು. ಹೊಸ ತಂಡವೊಂದಕ್ಕೆ ಇಂಥ ಕಿವಿಗಳು ಇಷ್ಟೊಂದು ಸಂಖ್ಯೆಯಲ್ಲಿ, ಇಷ್ಟು ಹತ್ತಿರದಲ್ಲಿ ಬೇರೆಲ್ಲೂ ಸಿಗುವುದಿಲ್ಲ.

ಈ ಸ್ಥಾನ ಕೀಳು ಎಂದು ಕೊರಗುವವರಿಗೆ ನಾನು ನೆನಪಿಸುವುದು 1963ರ ಫೆಬ್ರುವರಿಯನ್ನು. ಬ್ರಿಟನ್ನಿನಲ್ಲಿ ಆ ಪ್ರವಾಸದ ಮುಖ್ಯ ಆಕರ್ಷಣೆ ಹೆಲೆನ್ ಶಪಿರೊ ಎಂಬ ಹದಿನಾರರ ಹುಡುಗಿ. ಅವಳಿಗಿಂತ ಮೊದಲು ಬಂದು ಕೆಲವೇ ಹಾಡು ಹಾಡಿ ಇಳಿಯುತ್ತಿದ್ದ ತಂಡಗಳಲ್ಲಿ ಒಂದರ ಹೆಸರು ಬೀಟಲ್ಸ್.

ಮೊದಲ ಹಾಡು ಯಾವುದಿರಬೇಕು?

ನಿಮ್ಮ ಅತ್ಯುತ್ತಮ ಹಾಡನ್ನು ಕೊನೆಗೆ ಇಡಿ, ಎರಡನೆಯ ಅತ್ಯುತ್ತಮ ಹಾಡಿನಿಂದ ಶುರು ಮಾಡಿ. ಆ ಮೊದಲ ಹಾಡು ಹತ್ತು ಸೆಕೆಂಡಿನೊಳಗೆ ಲಯ ಹಿಡಿಯಬೇಕು. ನಿಧಾನವಾಗಿ ಅರಳುವ, ಒಂದು ನಿಮಿಷ ವಾದ್ಯಗಳಷ್ಟೇ ನುಡಿಯುವ ಹಾಡು ನಿಮ್ಮನ್ನು ಬಲ್ಲವರಿಗೆ ಸೊಗಸು. ನಿಮ್ಮ ಪರಿಚಯವೇ ಇಲ್ಲದವನಿಗೆ ಅದು ಇನ್ನೂ ನಡೆಯುತ್ತಿರುವ ಸೌಂಡ್‌ಚೆಕ್‌ನಂತೆ, ಕಾರ್ಯಕ್ರಮಕ್ಕೆ ಮೊದಲಿನ ಧ್ವನಿ ಪರೀಕ್ಷೆಯಂತೆ ಕೇಳಿಸುತ್ತದೆ.

ಇನ್ನೊಂದು ಕಾರಣವೂ ಇದೆ. ಜನ ತುಂಬಿದ ಮೇಲೆ ಸಭಾಂಗಣದ ಧ್ವನಿಯೇ ಬದಲಾಗುತ್ತದೆ. ಖಾಲಿ ಇದ್ದಾಗ ಗೋಡೆಗಳಿಗೆ ಬಡಿದು ಮರಳುತ್ತಿದ್ದ ತಾರಸ್ವರಗಳನ್ನು ಈಗ ಮೈ, ಬಟ್ಟೆ ಎಲ್ಲವೂ ಹೀರಿಕೊಳ್ಳುತ್ತವೆ. ಹೀಗಾಗಿ ಸೌಂಡ್ ಎಂಜಿನಿಯರ್ ನಿಮ್ಮ ಮೊದಲ ಹಾಡಿನ ಮೇಲೆಯೇ ಎಲ್ಲವನ್ನೂ ಹೊಂದಿಸಿಕೊಳ್ಳುತ್ತಾರೆ. ಇಬ್ಬರು ಗಾಯಕರ ಸೂಕ್ಷ್ಮ ಜೋಡಿದನಿಯ ಮೇಲೆ ನಿಂತ ಹಾಡನ್ನು ಆ ಹೊತ್ತಿನಲ್ಲಿ ಬಲಿ ಕೊಡಬೇಡಿ. ಎಲ್ಲ ವಾದ್ಯಗಳೂ ನುಡಿಯುವ, ಒಬ್ಬರೇ ಮುಖ್ಯವಾಗಿ ಹಾಡುವ, ಸ್ವಲ್ಪ ಏರುಪೇರಾದರೂ ತಡೆದುಕೊಳ್ಳುವ ಗಟ್ಟಿ ಹಾಡು ಬೇಕು.

ಚೆನ್ನಾಗಿಯೇ ನುಡಿಸಿದೆವು. ಆದರೂ ಜನ ಕೈತಪ್ಪಿ ಹೋದರು. ಎಲ್ಲಿ ಎಡವಿದೆವು?

ಹಾಡುಗಳ ನಡುವೆ. ನೂರಕ್ಕೆ ತೊಂಬತ್ತು ಸಲ ನನ್ನ ಉತ್ತರ ಇದೇ. ಉಳಿದೆಲ್ಲವನ್ನೂ ಮರೆತರೂ ಇದೊಂದನ್ನು ಮರೆಯಬೇಡಿ ಎಂದು ಎಲ್ಲರಿಗೂ ಹೇಳುತ್ತೇನೆ.

ನಮ್ಮ ತಂಡದ ಮೂರನೆಯ ವರ್ಷದಲ್ಲಿ ಒಮ್ಮೆ ಸಭಾಂಗಣದ ಹಿಂಬದಿಯ ಕಂಬದ ಬಳಿ ಗೆಳೆಯನೊಬ್ಬನ ಕೈಯಲ್ಲಿ ಮೊಬೈಲ್ ಕೊಟ್ಟು ನಮ್ಮ ಸರದಿಯನ್ನು ಪೂರ್ತಿ ರೆಕಾರ್ಡ್ ಮಾಡಿಸಿದೆ. ಮರುದಿನ ಕೇಳಿದಾಗ ಹಾಡುಗಳು ಪರವಾಗಿರಲಿಲ್ಲ. ನಡುವಿನ ಜಾಗಗಳನ್ನು ಕೇಳುವುದು ಕಷ್ಟವಾಯಿತು. ಮೊದಲ ಹಾಡು ಮುಗಿದಾಗ ಚಪ್ಪಾಳೆ ಬಿತ್ತು, ಅದು ನಿಂತಿತು, ಆಮೇಲೆ ಗಿಟಾರಿನ ಒಂದೊಂದೇ ತಂತಿ ಟಿಂಗ್ ಟಿಂಗ್ ಎನ್ನುತ್ತ ಶ್ರುತಿಗೆ ಬರುತ್ತಿದೆ. ಅಷ್ಟರಲ್ಲಿ ಗುಜುಗುಜು ಶುರುವಾಯಿತು. ಎರಡನೆಯ ಬಿಡುವಿನಲ್ಲಿ ಆ ಗುಜುಗುಜು ಇನ್ನೂ ಬೇಗ ಶುರುವಾಯಿತು. ಮೂರನೆಯದರಲ್ಲಿ ಯಾರೋ ಪಕ್ಕದವನಿಗೆ ತನ್ನ ಕೆಲಸದ ಕಥೆಯನ್ನು ಪೂರ್ತಿ ಹೇಳಿ ಮುಗಿಸಿದ್ದು ಸ್ಪಷ್ಟವಾಗಿ ಕೇಳಿಸುತ್ತದೆ. ನಮ್ಮ ನಾಲ್ಕನೆಯ ಹಾಡು ಮೆಲ್ಲಗೆ ಶುರುವಾದಾಗ ಆ ಮಾತುಗಳೇ ಹಾಡಿಗಿಂತ ಜೋರಾಗಿದ್ದವು. ಗಡಿಯಾರ ಹಿಡಿದು ಲೆಕ್ಕ ಹಾಕಿದೆ: ಆರು ಹಾಡು, ಐದು ಬಿಡುವು, ಬಿಡುವುಗಳೆಲ್ಲ ಸೇರಿ ಐದು ನಿಮಿಷಕ್ಕೆ ಹತ್ತಿರ. ಮೂವತ್ತು ನಿಮಿಷಗಳಲ್ಲಿ ಆರನೆಯ ಒಂದು ಪಾಲು ಸಮಯ ನಾವು ಜನರಿಗೆ ಏನನ್ನೂ ಕೊಟ್ಟಿರಲಿಲ್ಲ.

ನಿಮ್ಮ ಅಭಿಮಾನಿಗಳಾದರೆ ಆ ಹೊತ್ತಿನಲ್ಲಿ ಕಾಯುತ್ತಾರೆ, ಮುಂದಿನ ಹಾಡು ಯಾವುದೆಂದು ಊಹಿಸುತ್ತಾರೆ. ಅಪರಿಚಿತರಿಗೆ ಕಾಯಲು ಕಾರಣವೇ ಇಲ್ಲ.

ಮದ್ದು ಕಷ್ಟದ್ದಲ್ಲ. ಒಂದೇ ಶ್ರುತಿ ವ್ಯವಸ್ಥೆಯ ಹಾಡುಗಳನ್ನು ಒಟ್ಟಿಗಿಡಿ. ಬೇರೆ ಶ್ರುತಿ ಬೇಕಾದರೆ ಎರಡನೆಯ ಗಿಟಾರ್ ಸಿದ್ಧವಾಗಿರಲಿ, ಅದೂ ಇಲ್ಲದಿದ್ದರೆ ಆ ಹಾಡನ್ನು ಆ ದಿನಕ್ಕೆ ಕೈಬಿಡಿ. ಟ್ಯೂನರ್ ಪೆಡಲ್ ಒತ್ತಿದರೆ ಗಿಟಾರಿನ ಸದ್ದು ಹೊರಗೆ ಹೋಗುವುದಿಲ್ಲ. ಹಾಗಾಗಿ ಶ್ರುತಿ ಕೂಡಿಸುವುದನ್ನು ಯಾರಿಗೂ ಕೇಳಿಸಬೇಕಾಗಿಲ್ಲ. ಹಾಡುಗಳನ್ನು ಎರಡೆರಡಾಗಿ ಹೊಸೆಯಿರಿ: ಮೊದಲನೆಯದರ ಕೊನೆಯ ಪೆಟ್ಟು ಬಿದ್ದ ಕೂಡಲೇ ಡ್ರಮ್ಮರ್ ಮುಂದಿನ ಹಾಡಿನ ತಾಳವನ್ನು ಎತ್ತಿಕೊಳ್ಳಲಿ. ಗಿಟಾರ್ ಬದಲಿಸಲೇಬೇಕಾದಾಗ ನಾನು ಮುಂದಿನ ಹಾಡಿನ ಆಧಾರಸ್ವರವನ್ನು ಹಿಡಿದು ನಿಲ್ಲುತ್ತೇನೆ. ಆ ಒಂದು ಸ್ವರ ಮೊಳಗುತ್ತಿರುವಷ್ಟು ಕಾಲ ಜನ ವೇದಿಕೆಯಿಂದ ಕಣ್ಣು ಕೀಳುವುದಿಲ್ಲ, ಏನೋ ಬರಲಿದೆ ಎಂದು ಅವರಿಗೆ ಗೊತ್ತಾಗುತ್ತದೆ.

ಇದನ್ನು ಅಭ್ಯಾಸದ ಕೋಣೆಯಲ್ಲೇ ಕಲಿಯಬೇಕು. ಹಾಡು ಹಾಡಾಗಿ ಅಭ್ಯಾಸ ಮಾಡುವುದು ಒಂದು ಕೆಲಸ. ನಿಂತುಕೊಂಡು, ಗಡಿಯಾರ ಇಟ್ಟುಕೊಂಡು, ನಡುವೆ ನೀರು ಕುಡಿಯುವುದನ್ನೂ ಸೇರಿಸಿ ಇಡೀ ಸರದಿಯನ್ನು ಒಂದೇ ಉಸಿರಿಗೆ ನುಡಿಸುವುದು ಬೇರೆಯೇ ಕೆಲಸ. ಕಾರ್ಯಕ್ರಮಕ್ಕೆ ಮೊದಲಿನ ವಾರ ಎರಡನೆಯದನ್ನಷ್ಟೇ ಮಾಡಿ.

ಹಾಗಾದರೆ ಮಾತನಾಡಲೇಬಾರದೇ?

ಮಾತನಾಡಿ, ಎರಡು ಕಡೆ. ಎರಡನೆಯ ಹಾಡಿನ ನಂತರ ನಿಮ್ಮ ತಂಡದ ಹೆಸರನ್ನು ಬಿಡಿಸಿ, ನಿಧಾನವಾಗಿ ಹೇಳಿ. ಕೊನೆಯ ಹಾಡಿಗೆ ಮೊದಲು ಇನ್ನೊಮ್ಮೆ ಹೆಸರು ಹೇಳಿ, ಮುಖ್ಯ ತಂಡಕ್ಕೂ ಧ್ವನಿ ಮತ್ತು ಬೆಳಕಿನ ಸಿಬ್ಬಂದಿಗೂ ಕೃತಜ್ಞತೆ ಸಲ್ಲಿಸಿ, ಇದು ಕೊನೆಯ ಹಾಡು ಎಂದು ತಿಳಿಸಿ. ಹೆಸರನ್ನು ಗಡಿಬಿಡಿಯಲ್ಲಿ ನುಂಗುವವರೇ ಹೆಚ್ಚು. ಜನಕ್ಕೆ ಹಾಡು ಹಿಡಿಸಿದರೂ ಯಾರನ್ನು ಹುಡುಕಬೇಕೆಂದು ತಿಳಿಯದೆ ಮನೆಗೆ ಹೋಗುತ್ತಾರೆ.

ಚಪ್ಪಾಳೆಗಾಗಿ ಗೋಗರೆಯಬೇಡಿ. "ಇನ್ನೂ ಜೋರಾಗಿ", "ಯಾಕಿಷ್ಟು ಸುಮ್ಮನಿದ್ದೀರಿ" ಎಂಬ ಮಾತುಗಳು ಕೇಳುಗರ ಮೇಲೆ ತಪ್ಪು ಹೊರಿಸುತ್ತವೆ. "ಮುಖ್ಯ ತಂಡ ಬರಲು ಇನ್ನು ಸ್ವಲ್ಪವೇ ಹೊತ್ತು, ತಡೆದುಕೊಳ್ಳಿ" ಎನ್ನುವುದು ಇನ್ನೂ ಕೆಟ್ಟದ್ದು. ನೀವೇ ನಿಮ್ಮ ಹಾಡನ್ನು ಸಹಿಸಿಕೊಳ್ಳಬೇಕಾದ ಸಂಗತಿಯಾಗಿಸಿದಿರಿ. ಆ ಹಾಡುಗಳಿಗಾಗಿ ನಿದ್ದೆಗೆಟ್ಟವರು ನೀವು, ಅವನ್ನು ಹಾಗೆ ಕೀಳಾಗಿಸುವುದನ್ನು ಕಂಡಾಗ ನನಗೆ ನಿಜವಾಗಿಯೂ ನೋವಾಗುತ್ತದೆ.

ಸೌಂಡ್‌ಚೆಕ್‌ಗೆ ನಮಗೆ ಸಮಯವೇ ಉಳಿಯುವುದಿಲ್ಲ. ಅನ್ಯಾಯವಲ್ಲವೇ?

ಸಾಮಾನ್ಯವಾಗಿ ಸೌಂಡ್‌ಚೆಕ್ ಹಿಂದುಮುಂದಾಗಿ ನಡೆಯುತ್ತದೆ. ಕೊನೆಗೆ ನುಡಿಸುವ ಮುಖ್ಯ ತಂಡದ್ದು ಮೊದಲು, ಮೊದಲು ನುಡಿಸುವ ನಿಮ್ಮದು ಕೊನೆಗೆ. ನಿಮ್ಮ ವಾದ್ಯಗಳು ಇಟ್ಟ ಜಾಗದಲ್ಲೇ ಇರುತ್ತವೆ, ಬಾಗಿಲು ತೆರೆದ ಮೇಲೆ ಏನನ್ನೂ ಕದಲಿಸಬೇಕಾಗಿಲ್ಲ ಎಂಬುದು ಇದರ ಅನುಕೂಲ. ಅನಾನುಕೂಲವೂ ಅದರಲ್ಲೇ ಇದೆ: ಮೇಲಿನವರಿಗೆ ತಡವಾದರೆ ಆ ನಿಮಿಷಗಳು ಹೋಗುವುದು ನಿಮ್ಮ ಪಾಲಿನಿಂದ. ಕೋಪ ಮಾಡಿಕೊಂಡು ಫಲವಿಲ್ಲ. ಹತ್ತು ನಿಮಿಷ ಸಿಕ್ಕರೆ ಏನು, ಲೈನ್ ಚೆಕ್ ಮಾತ್ರ ಸಿಕ್ಕರೆ ಏನು ಎಂದು ಮೊದಲೇ ತೀರ್ಮಾನಿಸಿಕೊಂಡು ಹೋಗಿ. ಲೈನ್ ಚೆಕ್ ಎಂದರೆ ಒಂದೊಂದು ಮೈಕು, ಒಂದೊಂದು ಕೇಬಲ್ಲಿನಿಂದ ಸದ್ದು ಬರುತ್ತಿದೆಯೇ ಎಂದು ನೋಡಿಕೊಳ್ಳುವುದು, ಅಷ್ಟೇ.

ಕಾರ್ಯಕ್ರಮಕ್ಕೆ ಕೆಲವು ದಿನ ಮೊದಲೇ ಸೌಂಡ್ ಎಂಜಿನಿಯರ್‌ಗೆ ಒಂದು ಹಾಳೆ ಕಳಿಸಿ. ಯಾರು ಎಲ್ಲಿ ನಿಲ್ಲುತ್ತಾರೆ, ಎಷ್ಟು ಮೈಕು ಬೇಕು, ಯಾವ ವಾದ್ಯ ನೇರ ಕೇಬಲ್ಲಿನಲ್ಲಿ ಹೋಗುತ್ತದೆ, ಯಾವುದರ ಆಂಪ್ (ವಾದ್ಯದ ಸದ್ದನ್ನು ಏರಿಸುವ ಪೆಟ್ಟಿಗೆ) ಮುಂದೆ ಮೈಕು ಇಡಬೇಕು, ಯಾರ ಮಾನಿಟರಿನಲ್ಲಿ (ನುಡಿಸುವವರತ್ತ ತಿರುಗಿರುವ ವೇದಿಕೆಯ ಸ್ಪೀಕರ್) ಯಾರ ದನಿ ಬೇಕು, ಇಷ್ಟು ಅದರಲ್ಲಿರಲಿ. ಸ್ಥಳಕ್ಕೆ ಹೋದಾಗ ಅವರ ಹೆಸರು ಕೇಳಿ, ಹೆಸರು ಹಿಡಿದೇ ಮಾತನಾಡಿಸಿ. ಸಮಯ ಕಡಿಮೆ ಇದ್ದಾಗ ಮಾನಿಟರಿನಲ್ಲಿ ಎಲ್ಲವನ್ನೂ ಕೇಳಬೇಡಿ. ಹಾಡುವವರಿಗೆ ತಮ್ಮ ದನಿ, ಎಲ್ಲರಿಗೂ ಡ್ರಮ್ಮಿನ ಲಯ, ಇಷ್ಟಿದ್ದರೆ ಅರ್ಧ ಗಂಟೆ ದಾಟಬಹುದು.

ಮೈಕು ಕಿರುಚುತ್ತದೆ. ಯಾರ ತಪ್ಪು?

ಅನೇಕ ಸಲ ಹಾಡುವವರ ಕೈಯದ್ದು. ಮೈಕಿನ ಜಾಲರಿಯನ್ನು ಅಂಗೈಯಿಂದ ಮುಚ್ಚಿ ಹಿಡಿದರೆ, ಮುಂದಿನ ದನಿಯನ್ನಷ್ಟೇ ಹಿಡಿಯಬೇಕಾದ ಮೈಕು ಹಿಂದುಮುಂದಿನ ಸದ್ದನ್ನೆಲ್ಲ ಎಳೆದುಕೊಳ್ಳತೊಡಗುತ್ತದೆ, ಮಾನಿಟರಿನ ಸದ್ದನ್ನೂ. ಹಿಡಿಕೆಯನ್ನು ಮಾತ್ರ ಹಿಡಿಯಿರಿ, ಮಾನಿಟರಿನತ್ತ ಮೈಕು ತಿರುಗಿಸಬೇಡಿ.

ನಮ್ಮ ಸದ್ದು ಮುಖ್ಯ ತಂಡದಷ್ಟು ತುಂಬಿ ಬರುವುದಿಲ್ಲ. ಆಂಪ್ ಏರಿಸಬಹುದೇ?

ಬೇಡ. ವೇದಿಕೆಯ ಮೇಲಿನ ಆಂಪ್ ಏರಿಸಿದಷ್ಟೂ ಹಾಡುವವರ ಮೈಕಿಗೆ ಅದೇ ನುಗ್ಗುತ್ತದೆ, ಹೊರಗೆ ಮಾತುಗಳು ಮಸುಕಾಗುತ್ತವೆ. ಹಿಂದೆಂದೂ ಕೇಳಿರದ ಹಾಡಿನ ಸಾಹಿತ್ಯ ಸ್ಪಷ್ಟವಾಗಿ ಕಿವಿಗೆ ಬೀಳುವುದೇ ಆರಂಭಿಕ ತಂಡಕ್ಕೆ ದೊಡ್ಡ ಗೆಲುವು. ಸದ್ದಿನಲ್ಲಿ ಪೈಪೋಟಿಗೆ ಇಳಿದರೆ ಅದನ್ನೇ ಕಳೆದುಕೊಳ್ಳುತ್ತೀರಿ.

ವೇದಿಕೆಯಲ್ಲಿ ಜಾಗವೇ ಇರುವುದಿಲ್ಲವಲ್ಲ?

ಮುಖ್ಯ ತಂಡದ ಡ್ರಮ್ಮು, ಆಂಪ್‌ಗಳು ಹಿಂದೆ ನಿಂತಿರುತ್ತವೆ, ನಿಮ್ಮ ಪಾಲಿಗೆ ಮುಂದಿನ ಒಂದು ಪಟ್ಟಿ. ನಾಲ್ವರು ಸಾಲಾಗಿ ನಿಂತು ನುಡಿಸುವ ಅಭ್ಯಾಸ ಮಾಡಿಕೊಳ್ಳಿ. ಒಬ್ಬರನ್ನೊಬ್ಬರು ನೋಡಲು ಕತ್ತು ಹೊರಳಿಸಬೇಕಾಗುತ್ತದೆ, ಅದಕ್ಕೇ ಹಾಡಿನ ಮುಕ್ತಾಯಗಳಿಗೆ ಸನ್ನೆಗಳನ್ನು ಮೊದಲೇ ಗೊತ್ತು ಮಾಡಿಕೊಂಡಿರಿ. ಅವರ ಯಾವ ವಸ್ತುವನ್ನೂ ಕೇಳದೆ ಕದಲಿಸಬೇಡಿ. ನೆಲದ ಮೇಲೆ ಅಂಟಿಸಿದ ಬಣ್ಣದ ಟೇಪುಗಳು ಅವರ ವಾದ್ಯಗಳ ಗುರುತು, ಅವನ್ನು ಕೀಳುವ ಮಾತೇ ಇಲ್ಲ.

ಮನೆಯಲ್ಲಿ ಸರಿ ಇದ್ದ ಶ್ರುತಿ ವೇದಿಕೆಯಲ್ಲಿ ಯಾಕೆ ಇಳಿಯುತ್ತದೆ?

ದೀಪಗಳ ಶಾಖಕ್ಕೆ ಉಕ್ಕಿನ ತಂತಿ ಹಿಗ್ಗುತ್ತದೆ, ಬಿಗಿ ಸಡಿಲಿ ಶ್ರುತಿ ಕೆಳಗಿಳಿಯುತ್ತದೆ. ತಣ್ಣಗಿನ ಕೋಣೆಯಿಂದ ಗಿಟಾರನ್ನು ನೇರವಾಗಿ ವೇದಿಕೆಗೆ ಒಯ್ಯಬೇಡಿ. ಇಪ್ಪತ್ತು ನಿಮಿಷ ಮೊದಲೇ ಪೆಟ್ಟಿಗೆಯಿಂದ ತೆಗೆದು ವೇದಿಕೆಯ ಬದಿಯಲ್ಲಿ ಇಟ್ಟು, ಏರುವ ಮುನ್ನ ಕೊನೆಯ ಸಲ ಕೂಡಿಸಿ. ಹೊಸ ತಂತಿ ಹಾಕುವುದಿದ್ದರೆ ಹಿಂದಿನ ದಿನವೇ ಹಾಕಿ, ಎಳೆದೆಳೆದು ಹದ ಮಾಡಿರಿ.

ಮೂವತ್ತು ನಿಮಿಷ ಕೊಟ್ಟಿದ್ದಾರೆ. ಎಷ್ಟು ನುಡಿಸಬೇಕು?

ಇಪ್ಪತ್ತಾರು. ಉಳಿದ ನಾಲ್ಕು ತಂತಿ ತುಂಡಾಗುವುದಕ್ಕೆ, ಮೈಕು ಕೈಕೊಡುವುದಕ್ಕೆ, ಎರಡು ಮಾತಿಗೆ. ಯಾವ ಹಾಡನ್ನು ಬಿಡಬಹುದು ಎಂದು ಸೆಟ್‌ಲಿಸ್ಟಿನಲ್ಲಿ, ಅಂದರೆ ಆ ದಿನದ ಹಾಡುಗಳ ಪಟ್ಟಿಯಲ್ಲಿ, ಮೊದಲೇ ಗುರುತು ಹಾಕಿರಿ, ವೇದಿಕೆಯ ಮೇಲೆ ನಿಂತು ಚರ್ಚೆ ಮಾಡುವುದು ತಪ್ಪುತ್ತದೆ. ತಡವಾಗಿ ಶುರುವಾದರೂ ಮುಗಿಸುವ ಹೊತ್ತು ಬದಲಾಗದು, ಅದು ನಿಮ್ಮ ತಪ್ಪಲ್ಲದಿದ್ದರೂ. ಕೊಟ್ಟ ಹೊತ್ತಿಗೆ ಇಳಿದ ತಂಡವನ್ನು ಸಂಘಟಕರು ಮತ್ತೆ ಕರೆಯುತ್ತಾರೆ. ಐದು ನಿಮಿಷ ಕಬಳಿಸಿದವರನ್ನು ಅವರು ವರ್ಷಗಳ ಕಾಲ ಮರೆಯುವುದಿಲ್ಲ.

ಇಳಿಯುವಾಗ ಡ್ರಮ್ಮಿನ ಸ್ಟ್ಯಾಂಡುಗಳನ್ನು ವೇದಿಕೆಯ ಮೇಲೆ ಬಿಚ್ಚುತ್ತ ಕೂರಬೇಡಿ. ಇದ್ದಂತೆಯೇ ಎತ್ತಿ ಬದಿಗೆ ಒಯ್ದು, ಅಲ್ಲಿ ನಿಧಾನವಾಗಿ ಬಿಚ್ಚಿ. ಅಭಿಮಾನಿಗಳ ಜೊತೆ ಮಾತು, ಫೋಟೊ ಎಲ್ಲ ಆಮೇಲೆ.

ಮುಂದಿನ ಸಾಲಿನವರೇ ಕೈಕಟ್ಟಿ ನಿಂತಿದ್ದಾರೆ, ಮೊಬೈಲ್ ನೋಡುತ್ತಿದ್ದಾರೆ. ಎದೆಗುಂದದೆ ನುಡಿಸುವುದು ಹೇಗೆ?

ಮುಂದಿನ ಸಾಲಿನಲ್ಲಿ ನಿಂತವರು ಮುಖ್ಯ ತಂಡದ ಕಟ್ಟಾ ಅಭಿಮಾನಿಗಳು. ಜಾಗ ಹಿಡಿಯಲು ಗಂಟೆಗಟ್ಟಲೆ ನಿಂತು ಅವರ ಕಾಲು ಸೋತಿರುತ್ತದೆ. ಅವರ ಮುಖ ನೋಡಿ ಇಡೀ ಸಭೆಯನ್ನು ಅಳೆಯಬೇಡಿ. ನಿಮ್ಮ ಕೇಳುಗರು ಹೆಚ್ಚಾಗಿ ನಡುವಿನಲ್ಲಿ, ಬದಿಗಳಲ್ಲಿ, ಕತ್ತಲೆಯಲ್ಲಿ ಇರುತ್ತಾರೆ.

ಒಂದು ಸಂಜೆ ನನ್ನ ನೇರ ಎದುರಿಗೆ ತಡೆಗೋಡೆಗೆ ಎರಡೂ ಮೊಣಕೈ ಊರಿ ಒಬ್ಬ ನಿಂತಿದ್ದ. ಮೈಮೇಲೆ ಮುಖ್ಯ ತಂಡದ ಹೆಸರಿನ, ತೊಳೆದು ತೊಳೆದು ಬಣ್ಣ ಹೋದ ಅಂಗಿ. ಮೂರು ಹಾಡು ಮುಗಿದರೂ ಕಣ್ಣು ಮೊಬೈಲಿನಲ್ಲೇ. ಅವನನ್ನು ನೋಡಿ ನೋಡಿ ನನ್ನ ಬೆರಳುಗಳು ಗಟ್ಟಿಯಾಗತೊಡಗಿದವು. ನಾಲ್ಕನೆಯ ಹಾಡಿನಲ್ಲಿ ತಲೆ ತಗ್ಗಿಸಿದಾಗ ಕಂಡಿತು, ತಡೆಗೋಡೆಯ ಸರಳುಗಳ ನಡುವೆ ಅವನ ಬಲಗಾಲಿನ ಹಿಮ್ಮಡಿ ನನ್ನ ಬೇಸಿನ ಪ್ರತಿ ಪೆಟ್ಟಿಗೂ ಏಳುತ್ತಿತ್ತು. ಕಾರ್ಯಕ್ರಮ ಮುಗಿದ ಮೇಲೆ ಅವನೇ ನಾವು ಅಂಗಿ, ರೆಕಾರ್ಡು ಮಾರುವ ಮೇಜಿನ ಬಳಿ ಬಂದು, ಮೂರನೆಯ ಹಾಡಿನ ಹೆಸರೇನು ಎಂದು ಕೇಳಿದ. ಅಂದಿನಿಂದ ಮುಖಗಳನ್ನು ನಂಬುವುದು ಬಿಟ್ಟಿದ್ದೇನೆ.

ಕೂಗಾಡಿ ಇಳಿಸಿಬಿಟ್ಟರೆ?

ಅಪರೂಪ, ಆದರೆ ಆಗುತ್ತದೆ. 1981ರ ಅಕ್ಟೋಬರ್ 9ರಂದು ಲಾಸ್ ಏಂಜಲೀಸ್‌ನ ಕೊಲೀಸಿಯಂ ಕ್ರೀಡಾಂಗಣದಲ್ಲಿ ರೋಲಿಂಗ್ ಸ್ಟೋನ್ಸ್ ತಂಡಕ್ಕೆ ಮೊದಲು ಪ್ರಿನ್ಸ್ ಎಂಬ ಗಾಯಕ ವೇದಿಕೆ ಏರಿದರು. ಜನ ಕೂಗಿ, ಕೈಗೆ ಸಿಕ್ಕಿದ್ದನ್ನು ಎಸೆದರು, ಅವರು ಅರ್ಧಕ್ಕೇ ಇಳಿದು ಹೋದರು. ಎರಡು ದಿನ ಕಳೆದು ಅದೇ ವೇದಿಕೆಗೆ, ಅಂಥದ್ದೇ ಜನರೆದುರು ಮತ್ತೆ ಬಂದರು. ಮತ್ತೆಯೂ ವಸ್ತುಗಳು ತೂರಿ ಬಂದವು. 1984ರ ಹೊತ್ತಿಗೆ ಅವರು ಜಗತ್ತಿನ ಅತಿ ದೊಡ್ಡ ತಾರೆಗಳಲ್ಲಿ ಒಬ್ಬರು. ಆ ಎರಡನೆಯ ದಿನ ಮರಳಿ ಬಂದ ಧೈರ್ಯವನ್ನು ನಾನು ಆಗಾಗ ನೆನೆಯುತ್ತೇನೆ.

ನಿಮ್ಮ ಮಟ್ಟಿಗೆ: ಕೂಗುವವರಿಗೆ ಮೈಕಿನಲ್ಲಿ ಉತ್ತರ ಕೊಡಬೇಡಿ. ಒಬ್ಬ ಕೂಗುತ್ತಿದ್ದರೆ ನಿಮ್ಮ ಉತ್ತರ ಅವನನ್ನು ಸಭೆಯ ನಾಯಕನನ್ನಾಗಿ ಮಾಡುತ್ತದೆ. ಮುಂದಿನ ಹಾಡನ್ನು ಎತ್ತಿಕೊಳ್ಳಿ. ಆದರೆ ವಸ್ತುಗಳು ಹಾರಿ ಬರತೊಡಗಿದರೆ ಶೌರ್ಯ ತೋರಿಸಬೇಡಿ, ಇಳಿಯಿರಿ. ಯಾರ ಕಣ್ಣಿಗೂ ಒಂದು ಹಾಡು ಸಮವಲ್ಲ.

ಮುಖ್ಯ ತಂಡದ ಶೈಲಿಗೂ ನಮ್ಮದಕ್ಕೂ ಸಂಬಂಧವೇ ಇಲ್ಲ. ಒಪ್ಪಿಕೊಳ್ಳಬೇಕೇ?

ಶೈಲಿ ಬೇರೆಯಾದರೆ ತೊಂದರೆಯಿಲ್ಲ, ಕೇಳುಗರು ಬಂದ ಉದ್ದೇಶವೇ ಬೇರೆಯಾದರೆ ಕಷ್ಟ. 1967ರ ಜುಲೈಯಲ್ಲಿ ಗಿಟಾರ್ ವಾದಕ ಜಿಮಿ ಹೆಂಡ್ರಿಕ್ಸ್ ಅಮೆರಿಕದಲ್ಲಿ ಮಂಕೀಸ್ ತಂಡಕ್ಕೆ ಮೊದಲು ನುಡಿಸಿದರು. ಅವರನ್ನು ಕರೆಸಿಕೊಂಡವರು ಮಂಕೀಸ್ ತಂಡದವರೇ, ಅವರ ನುಡಿಸಾಣಿಕೆಗೆ ಮರುಳಾಗಿ. ಆದರೆ ಸಭೆಯಲ್ಲಿ ಇದ್ದದ್ದು ಟಿವಿಯಲ್ಲಿ ಕಂಡ ಮುಖಗಳಿಗಾಗಿ ಬಂದ ಎಳೆಯ ಹುಡುಗಿಯರು. ಹೆಂಡ್ರಿಕ್ಸ್ ಹಾಡುತ್ತಿದ್ದಾಗಲೂ ಅವರು ಮಂಕೀಸ್ ಹೆಸರನ್ನೇ ಕೂಗುತ್ತಿದ್ದರು. ಕೆಲವೇ ಪ್ರದರ್ಶನಗಳ ನಂತರ ಹೆಂಡ್ರಿಕ್ಸ್ ಪ್ರವಾಸ ಬಿಟ್ಟರು. ಅಷ್ಟು ದೊಡ್ಡ ಪ್ರತಿಭೆಗೂ ಆ ಸಭೆ ಒಲಿಯಲಿಲ್ಲ.

ಇನ್ನೊಂದು ಬದಿಯಲ್ಲಿ, 1973ರಲ್ಲಿ ದಿ ಹೂ ತಂಡದ ಅಮೆರಿಕ ಪ್ರವಾಸದಲ್ಲಿ ಆಗಷ್ಟೇ ಮೊದಲ ಆಲ್ಬಂ ತಂದಿದ್ದ ಲಿನರ್ಡ್ ಸ್ಕಿನರ್ಡ್ ಆರಂಭಿಕ ತಂಡವಾಗಿತ್ತು. ಅಮೆರಿಕದ ದಕ್ಷಿಣ ಭಾಗದ ರಾಜ್ಯಗಳ ಜಾಯಮಾನದ ಅವರ ಹಾಡಿಗೂ ಇಂಗ್ಲಿಷ್ ತಂಡದ ಹಾಡಿಗೂ ಹೋಲಿಕೆ ಕಡಿಮೆ. ಆದರೂ ಗಿಟಾರಿನ ಅಬ್ಬರವನ್ನು ಪ್ರೀತಿಸುವ ಜನ ಅವರನ್ನು ಬಾಚಿಕೊಂಡರು. ಮುಖ್ಯ ತಂಡದ ಹಳೆಯ ಕಾರ್ಯಕ್ರಮಗಳ ವಿಡಿಯೊ ನೋಡಿ, ವೇದಿಕೆಯನ್ನಲ್ಲ, ಜನರನ್ನು ನೋಡಿ. ಅವರು ಕುಣಿಯುತ್ತಾರೋ, ಕಣ್ಣು ಮುಚ್ಚಿ ಕೇಳುತ್ತಾರೋ, ಜೊತೆಯಲ್ಲಿ ಹಾಡುತ್ತಾರೋ? ನಿಮ್ಮ ಹಾಡುಗಳಲ್ಲಿ ಅದಕ್ಕೆ ಹೊಂದುವ ನಾಲ್ಕು ಇದ್ದರೆ ಒಪ್ಪಿಕೊಳ್ಳಿ.

ಜನಪ್ರಿಯ ಹಾಡೊಂದನ್ನು ಸೇರಿಸಬಹುದೇ?

ಒಂದು ಮಾತ್ರ, ನಡುವಿನಲ್ಲಿ, ನಿಮ್ಮದೇ ರೀತಿಯಲ್ಲಿ. ಮುಖ್ಯ ತಂಡದ ಹಾಡನ್ನಂತೂ ಮುಟ್ಟಲೇಬೇಡಿ.

ಹಣ ಕೊಟ್ಟು ಆರಂಭಿಕ ತಂಡವಾಗುವ ಅವಕಾಶ ಬಂದಿದೆ. ಹೋಗಬೇಕೇ?

ದೊಡ್ಡ ಪ್ರವಾಸಗಳಲ್ಲಿ ಈ ಪದ್ಧತಿ ಇದೆ. ನನ್ನ ಅಭಿಪ್ರಾಯ ಸ್ಪಷ್ಟ: ಕೈಯಿಂದ ಹಣ ಹಾಕಿ ಬೇರೆಯವರ ಸಭೆ ತುಂಬಿಸಬೇಡಿ. ಟಿಕೆಟ್‌ಗಳ ಕಟ್ಟು ಕೊಟ್ಟು, ಮಾರಿದರಷ್ಟೇ ವೇದಿಕೆ ಎನ್ನುವವರಿಂದಲೂ ದೂರವಿರಿ. ಸಂಭಾವನೆ ಕಡಿಮೆಯಿರಬಹುದು, ಅದನ್ನು ಒಪ್ಪಬಹುದು. ಎಷ್ಟು, ಯಾವಾಗ, ಊಟ ಮತ್ತು ಪ್ರಯಾಣ ಯಾರದು, ನಿಮ್ಮ ಅಂಗಿ ಮತ್ತು ರೆಕಾರ್ಡುಗಳ ಮಾರಾಟದಲ್ಲಿ ಸಭಾಂಗಣಕ್ಕೆ ಪಾಲು ಕೊಡಬೇಕೇ, ಎಲ್ಲವನ್ನೂ ಬರಹದಲ್ಲಿ ಪಡೆಯಿರಿ.

ನಮ್ಮ ಸರದಿ ಮುಗಿದ ಮೇಲೆ ಹೊರಡಬಹುದೇ?

ಇರಿ. ಮುಖ್ಯ ತಂಡವನ್ನು ಪೂರ್ತಿ ಕೇಳಿ, ಸಭೆಯ ಹಿಂಬದಿಯಲ್ಲಿ ನಿಂತು. ಅದೇ ಜನ ಎಲ್ಲಿ ಕರಗುತ್ತಾರೆ, ಎಲ್ಲಿ ಉಸಿರು ಬಿಗಿಹಿಡಿಯುತ್ತಾರೆ ಎಂದು ಕಣ್ಣಾರೆ ಕಾಣಬಹುದು. ಆಮೇಲೆ ಮಾರಾಟದ ಮೇಜಿನ ಬಳಿ ತಂಡದವರೇ ನಿಲ್ಲಿ, ತಂಡದ ಹೆಸರು ದೊಡ್ಡದಾಗಿ ಕಾಣುವಂತೆ ಬರೆದಿರಲಿ. ಬಂದವರನ್ನು ಮಾತನಾಡಿಸಿ, ಕೊಳ್ಳಲಿ ಬಿಡಲಿ.

ಕೇಳುವಾಗ ಕಿವಿಗೆ ಇಯರ್‌ಪ್ಲಗ್ ಹಾಕಿಕೊಳ್ಳಿ. ಕೆಲಸದ ಸ್ಥಳಗಳ ಸುರಕ್ಷತೆಗೆ ಅಮೆರಿಕದ ಎನ್‌ಐಒಎಸ್‌ಎಚ್ ಸಂಸ್ಥೆ ಸೂಚಿಸುವ ಮಿತಿ 85 ಡೆಸಿಬೆಲ್‌ಗೆ ದಿನಕ್ಕೆ 8 ಗಂಟೆ. ಪ್ರತಿ 3 ಡೆಸಿಬೆಲ್ ಏರಿದಂತೆ ಆ ಹೊತ್ತು ಅರ್ಧವಾಗುತ್ತದೆ, 100 ಡೆಸಿಬೆಲ್‌ನಲ್ಲಿ ಉಳಿಯುವುದು 15 ನಿಮಿಷ. ನಿಮ್ಮ ಸರದಿಯಲ್ಲೇ ಅದು ತೀರಿರುತ್ತದೆ. ನಮ್ಮ ಡ್ರಮ್ಮರ್‌ಗೆ ಎಡಗಿವಿಯಲ್ಲಿ ಸದಾ ಒಂದು ಸಣ್ಣ ಶಿಳ್ಳೆ ಕೇಳಿಸುತ್ತಿರುತ್ತದೆ, ಸಿಂಬಲ್ ಇರುವ ಬದಿ ಅದು. ರಾತ್ರಿ ಫ್ಯಾನ್ ಹಾಕದೆ ಅವನಿಗೆ ನಿದ್ದೆ ಬರುವುದಿಲ್ಲ. ಎರಡು ಜೊತೆ ಇಯರ್‌ಪ್ಲಗ್ ಗಿಟಾರಿನ ಪೆಟ್ಟಿಗೆಯಲ್ಲಿ ಇಟ್ಟಿರಿ, ಒಂದು ನಿಮಗೆ, ಒಂದು ಮರೆತು ಬಂದವನಿಗೆ.